ಮೊದಲು ಚೌಕಟ್ಟು ಎಲ್ಲಿ ನಿಂತಿದೆ ನೋಡಿ

ಸ್ವಲ್ಪ ಅಕ್ಕಪಕ್ಕದಿಂದ ತೆಗೆದ ಎರಡು ಫೋಟೊಗಳನ್ನು ಕಣ್ಣಿಗೆ ಒಂದರಂತೆ ತೋರಿಸಿದರೆ ಆಳ ಕಾಣುತ್ತದೆ; ಇದೇ ಎಡ-ಬಲ ಜೋಡಿ ಫೋಟೊ, ಅಂದರೆ ಸ್ಟೀರಿಯೊ ಚಿತ್ರ. ಅದನ್ನು ತೆಗೆಯುವುದು ಹೇಗೆ ಅಂತ ಮತ್ತೆ ಬರೆಯಲ್ಲ. ಈ ಸಲವೂ ಹೆಚ್ಚಿನ ಪತ್ರಗಳಲ್ಲಿ ಅದೇ ದೂರು: ‘ಆಳ ಬರ್ತಿಲ್ಲ, ಯಾವ ಕ್ಯಾಮೆರಾ ಕೊಳ್ಳಲಿ?’ ಯಾವುದನ್ನೂ ಕೊಳ್ಳಬೇಡಿ. ನೀವು ಕಳಿಸಿದ ಫೋಟೊಗಳಲ್ಲಿ ಆಳ ಇದೆ. ಕ್ರಾಪ್ ಮಾಡುವಾಗ ಅದನ್ನು ಹಾಳು ಮಾಡಿದ್ದೀರಿ.

ಪ್ರಶ್ನೆ: ಹಂಪಿಯ ಕಲ್ಲಿನ ರಥದ ಒಂದೇ ಜೋಡಿ ಫೋಟೊವನ್ನು ನಾನೂ ನನ್ನ ಗೆಳೆಯನೂ ಬೇರೆ ಬೇರೆಯಾಗಿ ಕ್ರಾಪ್ ಮಾಡಿದೆವು. ಅವನದ್ದರಲ್ಲಿ ಒಳಗೆ ನಡೆದು ಹೋಗಬಹುದು ಅನ್ನಿಸುತ್ತದೆ. ನನ್ನದು ಚಪ್ಪಟೆ, ಜೊತೆಗೆ ಕಣ್ಣು ನೋವು. ಯಾಕೆ?

ಎರಡು ಕಣ್ಣು ನೋಡುವುದು ರಥವನ್ನು ಮಾತ್ರ ಅಲ್ಲ, ಫೋಟೊದ ಅಂಚನ್ನೂ ನೋಡುತ್ತವೆ. ರಥ ಇಷ್ಟು ದೂರ, ಹಿಂದಿನ ಮಂಟಪ ಇಷ್ಟು ದೂರ ಅಂತ ಕಾಣುವ ಹಾಗೇ ಅಂಚಿಗೂ ಒಂದು ದೂರ ಕಾಣುತ್ತದೆ. ಇದಕ್ಕೆ ಸ್ಟೀರಿಯೊ ವಿಂಡೋ ಅನ್ನುತ್ತಾರೆ, ನಾನು ಚೌಕಟ್ಟು ಅನ್ನುವುದು ಇದನ್ನೇ. ದೃಶ್ಯ ಇದರ ಹಿಂದಿರಬೇಕೋ ಮುಂದಿರಬೇಕೋ ಅನ್ನುವುದನ್ನು ಕ್ಯಾಮೆರಾ ತೀರ್ಮಾನಿಸುವುದಿಲ್ಲ. ಕ್ರಾಪ್ ಮಾಡುವವರು ತೀರ್ಮಾನಿಸಬೇಕು.

ನಿಮ್ಮ ಫೋಟೊದ ಎಡಗಡೆ, ತೀರಾ ಹತ್ತಿರ, ಪ್ರವಾಸಿಯೊಬ್ಬರ ಭುಜ ಇದೆ. ಅಂಚು ಅದನ್ನು ಅರ್ಧಕ್ಕೆ ಕತ್ತರಿಸಿದೆ. ಎರಡು ಕಣ್ಣಿನ ಲೆಕ್ಕದಲ್ಲಿ ಭುಜ ಅಂಚಿಗಿಂತ ಮುಂದಿದೆ. ಆದರೆ ಅಂಚು ಭುಜವನ್ನು ಮುಚ್ಚಿದೆ. ಹಿಂದಿರುವುದು ಮುಂದಿರುವುದನ್ನು ಮುಚ್ಚುವುದುಂಟಾ? ಇಂಥ ಜಗಳದಲ್ಲಿ ಮಿದುಳು ಸಾಮಾನ್ಯವಾಗಿ ಯಾವುದು ಮುಚ್ಚಿದೆಯೋ ಅದೇ ಮುಂದಿದೆ ಅಂತ ನಂಬುತ್ತದೆ. ಭುಜ ಹೋಗಿ ಅಂಚಿಗೆ ಅಂಟಿಕೊಳ್ಳುತ್ತದೆ, ಆಳ ಅಲ್ಲೇ ಸಾಯುತ್ತದೆ. ಕಣ್ಣು ನೋವೂ ಅಲ್ಲಿಂದಲೇ. ನಿಮ್ಮ ಗೆಳೆಯ ಆ ಭುಜವನ್ನು ಪೂರ್ತಿ ತೆಗೆದಿದ್ದಾರೆ, ಚೌಕಟ್ಟನ್ನು ಮುಂದಕ್ಕೆ ತಂದಿದ್ದಾರೆ. ಅಷ್ಟೇ ವ್ಯತ್ಯಾಸ.

ನಂಬಿಕೆ ಬರಲಿಲ್ಲವಾ? ಮಾಡಿ ನೋಡಿ. ಕಪ್ಪು ರಟ್ಟಿನಲ್ಲಿ 5 ಸೆಂ.ಮೀ. ಅಗಲದ ಎರಡು ಚೌಕ ಕಿಂಡಿ ಕತ್ತರಿಸಿ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 6 ಸೆಂ.ಮೀ. ಇರಲಿ. ಪ್ರಿಂಟ್‌ಗಳು ಚೌಕಕ್ಕಿಂತ ಪ್ರತಿ ಬದಿಯಲ್ಲೂ 3 ಮಿ.ಮೀ. ಜಾಸ್ತಿ ಇರಲಿ. ಬಲಗಡೆಯದನ್ನು ರಟ್ಟಿನ ಹಿಂದೆ ಅಂಟಿಸಿ, ಎಡಗಡೆಯದನ್ನು ಸುಮ್ನೆ ಇಡಿ. ಮೊಬೈಲಿಗೆಂದು ಸಿಗುವ ರಟ್ಟಿನ ವ್ಯೂವರ್‌ನಲ್ಲಿ ನೋಡುತ್ತಾ ಎಡ ಪ್ರಿಂಟನ್ನು ಎಡಕ್ಕೆ 2 ಮಿ.ಮೀ. ಸರಿಸಿ. ಇಡೀ ದೃಶ್ಯ ಹಿಂದಕ್ಕೆ ಹೋಗಿ ಚೌಕದ ಆಚೆ ನಿಲ್ಲುತ್ತದೆ. ಈಗ ಬಲಕ್ಕೆ ಸರಿಸಿ. ದೃಶ್ಯ ಚೌಕದಿಂದ ಈಚೆಗೆ ಬರುತ್ತದೆ, ಅಂಚಿಗೆ ತಾಗಿದ ವಸ್ತುಗಳೆಲ್ಲ ಕಣ್ಣಿಗೆ ಚುಚ್ಚುತ್ತವೆ. ಒಂದೇ ವಸ್ತು ಎಡ ಚಿತ್ರಕ್ಕೂ ಬಲ ಚಿತ್ರಕ್ಕೂ ನಡುವೆ ಪಕ್ಕಕ್ಕೆ ಸರಿದಿರುವ ಅಳತೆಗೆ ಎಡ-ಬಲ ವ್ಯತ್ಯಾಸ ಅನ್ನೋಣ. ರಥಕ್ಕೂ ಮಂಟಪಕ್ಕೂ ನಡುವೆ ಇದು ಕೂದಲೆಳೆಯಷ್ಟೂ ಬದಲಾಗಿಲ್ಲ. ಬದಲಾದದ್ದು ಚೌಕಟ್ಟಿನ ಜಾಗ ಮಾತ್ರ. ಸರಿಸುವಾಗ ಪ್ರಿಂಟ್ ಮೇಲೆ ಕೆಳಗೆ ಹೋಗದಂತೆ ನೋಡಿಕೊಳ್ಳಿ. ಮೇಲೆ-ಕೆಳಗಿನ ತಪ್ಪನ್ನು ಕಣ್ಣು ಸಹಿಸುವುದು ತೀರಾ ಕಡಿಮೆ.

ಕಂಪ್ಯೂಟರಿನಲ್ಲಾದರೆ ಹೀಗೆ: ಎಡ ಚಿತ್ರದ ಎಡ ಅಂಚನ್ನೂ ಬಲ ಚಿತ್ರದ ಬಲ ಅಂಚನ್ನೂ ಒಂದೇ ಅಳತೆಗೆ ಕತ್ತರಿಸಿದರೆ ದೃಶ್ಯ ಹಿಂದಕ್ಕೆ ಹೋಗುತ್ತದೆ. ಬಾಯಿಪಾಠ ಬೇಡ. ಮನೆಯ ಕಿಟಕಿಯ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ. ಎಡಗಣ್ಣಿಗೆ ಹೊರಗಿನ ಬಲಭಾಗ ಜಾಸ್ತಿ ಕಾಣುತ್ತದೆ, ಬಲಗಣ್ಣಿಗೆ ಎಡಭಾಗ. ನಿಮ್ಮ ಜೋಡಿಯೂ ಹಾಗೇ ಇರಬೇಕು. ಜಪಾನಿನ ಮಸೂಜಿ ಸುಟೊ ಬರೆದ ಸ್ಟೀರಿಯೊ ಫೋಟೊ ಮೇಕರ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಬಾಣದ ಕೀಲಿ ಒತ್ತಿದರೆ ಈ ಕೆಲಸ ಆಗುತ್ತದೆ. ತಾನೇ ಜೋಡಿಸುವ ಬಟನ್ ಒತ್ತಿ ಎದ್ದು ಹೋಗಬೇಡಿ.

ಹಾಗಂತ ಎಲ್ಲವನ್ನೂ ಹಿಂದಕ್ಕೆ ತಳ್ಳಬೇಕಿಲ್ಲ. ಅಂಚಿಗೆ ತಾಗದ ವಸ್ತು ಮುಂದೆ ಬರಬಹುದು. ರಥದ ಮುಂದಿನ ಕಲ್ಲಾನೆಗಳ ಸುತ್ತ ಸಾಕಷ್ಟು ಜಾಗ ಬಿಟ್ಟು ಕ್ರಾಪ್ ಮಾಡಿ, ಚೌಕಟ್ಟನ್ನು ರಥದ ಚಕ್ರದ ಹತ್ತಿರ ನಿಲ್ಲಿಸಿ. ಆನೆಗಳು ಚೌಕಟ್ಟು ದಾಟಿ ಈಚೆ ಬರುತ್ತವೆ. ನನಗೆ ಅತಿ ಇಷ್ಟವಾದ ಜೋಡಣೆ ಇದು. ಅತಿಯಾಗಿ ಕೆಡುವುದೂ ಇದೇ: ಸೊಂಡಿಲ ತುದಿ ಅಂಚಿಗೆ ತಾಗಿದರೆ ಮುಗಿಯಿತು.

ಬಿಗಿಯಾಗಿ ಕ್ರಾಪ್ ಮಾಡಿ ದೊಡ್ಡದು ಮಾಡುವವರಿಗೆ ಇನ್ನೊಂದು ಮಾತು. ಹತ್ತಿರದ ಮತ್ತು ದೂರದ ವಸ್ತುಗಳ ಎಡ-ಬಲ ವ್ಯತ್ಯಾಸ ಚಿತ್ರದ ಅಗಲದ ಮೂವತ್ತನೇ ಒಂದು ಭಾಗ ದಾಟಬಾರದು ಅನ್ನುವುದು ಹಳೆಯ ಅಂದಾಜು. ಅರ್ಧ ಅಗಲಕ್ಕೆ ಕ್ರಾಪ್ ಮಾಡಿದರೆ ಅದೇ ವ್ಯತ್ಯಾಸ ಹದಿನೈದನೇ ಒಂದು ಭಾಗ ಆಗುತ್ತದೆ. ವ್ಯೂವರ್‌ನಲ್ಲಿ ನೋಡುವ ಚಿಕ್ಕ ಕಾರ್ಡಿನಲ್ಲಿ ಹೇಗೋ ನಡೆಯುತ್ತದೆ. 2 ಮೀಟರ್ ಅಗಲದ ಪರದೆಯಲ್ಲಿ ಅದು 13 ಸೆಂ.ಮೀ. ಮನುಷ್ಯನ ಕಣ್ಣುಗಳ ನಡುವೆ ಇರುವುದು ಸುಮಾರು 6.5 ಸೆಂ.ಮೀ. ಅಷ್ಟನ್ನೂ ಹಿಂದಕ್ಕೆ ತಳ್ಳಿದರೆ ನೋಡುವವರ ಕಣ್ಣು ಹೊರಮುಖವಾಗಿ ತಿರುಗಬೇಕಾಗುತ್ತದೆ. ಜನರನ್ನು ಕೂರಿಸಿ ಇಂಥದ್ದು ತೋರಿಸಬೇಡಿ, ದಯವಿಟ್ಟು.

ಪ್ರಶ್ನೆ: ಎರಡು ಕ್ಯಾಮೆರಾವನ್ನೂ ಒಳಮುಖವಾಗಿ ತಿರುಗಿಸಿದರೆ ಆಳ ಜಾಸ್ತಿ ಬರುತ್ತದಂತೆ, ಹೌದಾ?

ಇಲ್ಲ. ಚೌಕಟ್ಟಿನ ಜಾಗ ಬದಲಾಗುತ್ತದೆ, ಅದನ್ನು ಕ್ರಾಪ್‌ನಲ್ಲೇ ಮಾಡಬಹುದು. ತಿರುಗಿಸಿದ್ದಕ್ಕೆ ಸಿಗುವುದು ಮೂಲೆಗಳಲ್ಲಿ ಮೇಲೆ-ಕೆಳಗಿನ ವ್ಯತ್ಯಾಸ. ನೇರವಾಗಿ ಇಡಿ.

ಪ್ರಶ್ನೆ: ಒಂದೇ ಫೋಟೊವನ್ನು 3ಡಿ ಮಾಡುವ ಆ್ಯಪ್ ಯಾವುದು ಒಳ್ಳೆಯದು?

ಒಂದೇ ಫೋಟೊದಲ್ಲಿ ಇನ್ನೊಂದು ಕಣ್ಣಿನ ನೋಟ ಇರುವುದಿಲ್ಲ, ಆ್ಯಪ್ ಮಾಡುವುದು ಅದರ ಊಹೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಬರೀ ಗೆರೆಯ ಚಿತ್ರಗಳಲ್ಲಿ ಆಳ ತೋರಿಸಿದ, ಆದರೆ ಅವನ ಹತ್ತಿರ ಎರಡು ಚಿತ್ರ ಇದ್ದವು.

ಪ್ರಶ್ನೆ: ದಿನಾ ಸ್ಟೀರಿಯೊ ಚಿತ್ರ ನೋಡಿದರೆ ಕನ್ನಡಕ ಹೋಗುತ್ತದೆಯೇ?

ಹೋಗುವುದಿಲ್ಲ. ಹೋಗುತ್ತದೆ ಅಂತ ದುಡ್ಡು ತೆಗೆದುಕೊಂಡು ಕಾರ್ಡು ಮಾರುವವರು ನಿಮಗೆ ಮೋಸ ಮಾಡುತ್ತಿದ್ದಾರೆ. ಕನ್ನಡಕ ಹಾಕಿಕೊಂಡೇ ನೋಡಿ.

ಪ್ರಶ್ನೆ: ಮನೆಯವರಿಗೆಲ್ಲ ಆಳ ಕಾಣುತ್ತದೆ, ಐದು ವರ್ಷದ ಮಗಳಿಗೆ ಮಾತ್ರ ಕಾಣಲ್ಲ. ಬೇರೆ ವ್ಯೂವರ್ ತರಲಾ?

ಬೇಡ. ವ್ಯೂವರ್ ಅವಳ ಕಣ್ಣಿನ ಅಳತೆಗೆ ಅಗಲ ಆಗಿರಬಹುದು, ಆದರೆ ಹಾಗಂದುಕೊಂಡು ಸುಮ್ಮನಾಗಬೇಡಿ. ಮೆಳ್ಳಗಣ್ಣು ಇದ್ದರೆ, ಒಂದು ಕಣ್ಣಿನ ದೃಷ್ಟಿ ಮಂದ ಇದ್ದರೆ ಆಳ ಕಾಣದೇ ಇರಬಹುದು. ಇದಕ್ಕೆ ಚಿಕ್ಕ ವಯಸ್ಸಿನಲ್ಲೇ ಚಿಕಿತ್ಸೆ ಶುರುವಾದರೆ ಒಳ್ಳೆಯದು. ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ.