ಲೊಮಚೆಂಕೊ ಅಮೆಚೂರ್ ಬಾಕ್ಸಿಂಗ್‌ನಲ್ಲಿ ನಿಜಕ್ಕೂ ಒಂದೇ ಸಲ ಸೋತಿದ್ದಾ?

ಹೌದು, ಒಂದೇ ಸಲ. ಉಕ್ರೇನಿನ ವಾಸಿಲ್ ಲೊಮಚೆಂಕೊನ ಅಮೆಚೂರ್ (ವೃತ್ತಿಪರನಾಗುವ ಮೊದಲಿನ) ಲೆಕ್ಕ 396 ಗೆಲುವು, 1 ಸೋಲು ಅಂತಲೇ ಎಲ್ಲರೂ ಹೇಳುವುದು. ಆ ಸೋಲು 2007ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ, ರಷ್ಯಾದ ಆಲ್ಬರ್ಟ್ ಸೆಲಿಮೊವ್ ಕೈಯಲ್ಲಿ. ಮರುವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅದೇ ಸೆಲಿಮೊವ್ ಸಿಕ್ಕ. ಬಡ್ಡಿ ಸಮೇತ ತೀರಿಸಿ, 57 ಕೆಜಿ ಚಿನ್ನವನ್ನೂ ತಂದ. 2012ರ ಲಂಡನ್‌ನಲ್ಲಿ 60 ಕೆಜಿಯಲ್ಲಿ ಇನ್ನೊಂದು ಚಿನ್ನ.

ನನಗೆ ಈ ಲೆಕ್ಕಕ್ಕಿಂತ ಅವನ ಕಾಲೇ ಜಾಸ್ತಿ ಇಷ್ಟ. ಕೋಚ್ ಆಗಿದ್ದ ಅಪ್ಪ ಬಾಕ್ಸಿಂಗ್ ಬಿಡಿಸಿ ಕೆಲವು ವರ್ಷ ಜನಪದ ಕುಣಿತ ಕಲಿಸಿದ್ದರು. ನಮ್ಮ ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನದ ಹೆಜ್ಜೆ ನೋಡಿದವರಿಗೆ ಇದು ಅರ್ಥವಾಗುತ್ತದೆ, ಅಲ್ವಾ? ಎದುರಾಳಿಯ ಮುಂಗಾಲಿನ ಆಚೆಗೆ ಒಂದು ಹೆಜ್ಜೆ ಇಟ್ಟು ಗಿರ್ರನೆ ತಿರುಗುತ್ತಿದ್ದ. ಪಾಪ, ಆ ಎದುರಾಳಿ ಗ್ಲೌಸ್ ಎತ್ತಿಕೊಂಡು ಖಾಲಿ ಜಾಗ ನೋಡುತ್ತಿರುತ್ತಿದ್ದ.