ಅಸಲಿ ಅಂಕಪಟ್ಟಿ ಅವರ ಕೈಯಾಗ ಐತ್ರಿ

ಪ್ರಶ್ನೆ: ನಾನು ಬೆಟಗೇರಿಯವನು. ಹೋದ ವರ್ಷ ಬಿ.ಕಾಂ. ಮುಗಿಯಿತು. ಗದಗ ಬಸ್ ಸ್ಟ್ಯಾಂಡ್ ಹತ್ತಿರ 'ಆಫೀಸ್ ಕೆಲಸ, ಅನುಭವ ಬೇಡ, ಪಗಾರ 18,000, ಊಟ-ವಸತಿ ಫ್ರೀ' ಅಂತ ಚೀಟಿ ಹಚ್ಚಿದ್ದರು. ಫೋನ್ ಮಾಡಿ ಹುಬ್ಬಳ್ಳಿಗೆ ಹೋದೆ. ಹೆಸರು, ಊರು, ಅಪ್ಪ ಏನು ಮಾಡುತ್ತಾರೆ, ಇಷ್ಟೇ ಕೇಳಿ 'ಸೆಲೆಕ್ಟ್' ಅಂದರು. ನೋಂದಣಿಗೆಂದು 2,500 ರೂಪಾಯಿ ಫೋನ್‌ಪೇ ಮಾಡಿಸಿಕೊಂಡು, ಕೊನೆಯ ಸೆಮಿಸ್ಟರಿನ ಅಸಲಿ ಅಂಕಪಟ್ಟಿಯನ್ನೂ ಇಟ್ಟುಕೊಂಡರು. ಟ್ರೇನಿಂಗಿನ ಮೂರನೇ ದಿನ, 15,000ದ ಸಾಮಾನು ಕೊಂಡು ನನ್ನ ಕೆಳಗೆ ಇಬ್ಬರನ್ನು ಸೇರಿಸಬೇಕು ಅಂದರು. ಬಿಟ್ಟು ಬಂದೆ. ಈಗ ಅಂಕಪಟ್ಟಿ ಬೇಕಾದರೆ ಇನ್ನೂ 5,000 ಕಟ್ಟು ಅನ್ನುತ್ತಾರೆ. ಅಪ್ಪ ಮಗ್ಗದ ಮೇಲೆ ದುಡಿದ ರೊಕ್ಕ ಅದು, ಮನೆಯಲ್ಲಿ ಹೇಳಿಲ್ಲ. ಮೊದಲು ಗೋಕುಲ ರಸ್ತೆಯ ಒಂದು ಶೋರೂಮಿಗೆ ಅಕೌಂಟ್ಸ್ ಕೆಲಸಕ್ಕೂ ಹೋಗಿದ್ದೆ. 'ನಿನ್ನ ಬಗ್ಗೆ ಹೇಳು' ಅಂತ ಇಂಗ್ಲಿಷಿನಲ್ಲಿ ಕೇಳಿದ ಕೂಡಲೇ ಬಾಯಿ ಕಟ್ಟಿತು. ಮನೆಯಲ್ಲಿ ನೂಲಿನ ಲೆಕ್ಕ ಬರೆಯುವುದು ಬಿಟ್ಟು ನನಗೇನೂ ಬರುವುದಿಲ್ಲವೇನೋ ಅನಿಸುತ್ತಿದೆ.
– ಹೆಸರು ಬೇಡ, ಬೆಟಗೇರಿ

ಉತ್ತರ: ತಮ್ಮಾ, ಆ 5,000 ಕಟ್ಟಬೇಡ. ಒಂದು ಪೈಸೆಯನ್ನೂ ಕಟ್ಟಬೇಡ.

ನಿನ್ನ ಪತ್ರ ಓದಿ ನನಗೆ 1999ರ ಜೂನ್ ಕಣ್ಮುಂದೆ ಬಂತು. ಧಾರವಾಡದಲ್ಲಿ ಬಿ.ಎ. ಮುಗಿಸಿದ್ದೆ, ಊರು ಹಾವೇರಿ ಕಡೆ. 'ಮ್ಯಾನೇಜ್‌ಮೆಂಟ್ ಟ್ರೇನಿ' ಅಂತ ಜಾಹೀರಾತು ನೋಡಿ ಹುಬ್ಬಳ್ಳಿ ಸ್ಟೇಶನ್ ರಸ್ತೆಯ ಒಂದು ಕಟ್ಟಡದ ಎರಡನೇ ಮಹಡಿ ಹತ್ತಿದೆ. 300 ರೂಪಾಯಿ ಕಟ್ಟಿಸಿಕೊಂಡು ರಸೀದಿ ಕೊಟ್ಟರು. ಅದರಲ್ಲಿ ಕಂಪನಿ ಹೆಸರಿತ್ತು, ನೀಲಿ ಸಿಕ್ಕಾ ಇತ್ತು, ವಿಳಾಸ ಇರಲಿಲ್ಲ. ಮರುದಿನ ಕೈಗೊಂದು ಚೀಲ ಕೊಟ್ಟು, ಪಾತ್ರೆ ತಿಕ್ಕುವ ಪುಡಿ ಮಾರಲು ವಿದ್ಯಾನಗರದ ಮನೆಮನೆಗೆ ಕಳಿಸಿದರು. ಒಂದು ಮನೆಯ ಅಜ್ಜಿ ಬಾಗಿಲಲ್ಲೇ ನನ್ನ ಮುಖ ನೋಡಿ, 'ಯವ್ವಾ, ಮುಂಜಾನಿಂದ ನೀ ಮೂರನೇದಾಕಿ. ಮೊದಲ ಕುಂದ್ರು, ನೀರು ಕುಡಿ' ಅಂದಳು. ಆ ತಂಬಿಗೆ ನೀರು ನಾನು ಇವತ್ತಿಗೂ ಮರೆತಿಲ್ಲ. ಹನ್ನೊಂದು ದಿನ ತಿರುಗಿದೆ, ಪಗಾರ ಬರಲಿಲ್ಲ. ಎರಡು ವರ್ಷ ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಮೂರನೇ ದಿನಕ್ಕೇ ಹೊರಗೆ ಬರುತ್ತಿದ್ದೆ. ನನ್ನ ಹಿಂದೆ ಆ ಮೆಟ್ಟಿಲು ಹತ್ತಿದ ನಾಲ್ಕಾರು ಹುಡುಗಿಯರಾದರೂ ಉಳಿಯುತ್ತಿದ್ದರು.

ಸೇರಲಿಕ್ಕೇ ಶುಲ್ಕ ಕೇಳುವುದನ್ನು, ಹೀಗೆ ಅಂಗಡಿಯಿಲ್ಲದೆ ಮಂದಿಯ ಕೈಯಿಂದಲೇ ಸಾಮಾನು ಮಾರಿಸುವ ಕಂಪನಿಗಳಿಗೆ ಇರುವ 2021ರ ನೇರ ಮಾರಾಟ ನಿಯಮಗಳು ಒಪ್ಪುವುದಿಲ್ಲ. ಮಂದಿಯನ್ನು ಸೇರಿಸಿದ್ದಕ್ಕೆ ರೊಕ್ಕ ಕೊಡುವ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 1978ರಿಂದಲೇ ಇದೆ. ಅದಕ್ಕೇ ಅವರು ಚೀಟಿಯಲ್ಲಿ 'ಆಫೀಸ್ ಕೆಲಸ' ಅಂತ ಬರೆಯುವುದು. ಅಂಕಪಟ್ಟಿ ಇಟ್ಟುಕೊಳ್ಳುವುದೂ ನೀನು ಬಾಯಿ ಬಿಡಬಾರದು ಅಂತಲೇ.

ಈಗ ಆ ಚೀಟಿಯ ಫೋಟೊ, ಫೋನ್‌ಪೇ ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲ ಉಳಿಸಿಕೋ. ಏನನ್ನೂ ಅಳಿಸಬೇಡ. ಅಂಕಪಟ್ಟಿ ಮರಳಿಸಿ ಅಂತ ದಿನಾಂಕ ಹಾಕಿ ಬರೆದು ಕೊಡು, ಒಂದು ಪ್ರತಿ ನಿನ್ನ ಹತ್ತಿರ ಇರಲಿ. ಆಗಲೂ ಕೊಡದಿದ್ದರೆ ಅಲ್ಲಿಂದ ನೇರ ಪೊಲೀಸ್ ಠಾಣೆಗೆ ನಡೆ. ಆನ್‌ಲೈನಿನಲ್ಲಿ ರೊಕ್ಕ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಅಂಕಪಟ್ಟಿ ಸಿಗಲೇ ಇಲ್ಲ ಅಂದರೂ ಎದೆ ಒಡೆದುಕೊಳ್ಳಬೇಡ. ಅಫಿಡವಿಟ್ ಮಾಡಿಸಿ, ಶುಲ್ಕ ಕಟ್ಟಿ ವಿಶ್ವವಿದ್ಯಾಲಯದಿಂದ ನಕಲು ಪ್ರತಿ ಪಡೆಯಲು ಬರುತ್ತದೆ. ಇನ್ನು ಮುಂದೆ ಎಲ್ಲಿ ಹೋದರೂ ಝೆರಾಕ್ಸ್ ಕೊಡು, ಅಸಲಿಯನ್ನು ತೋರಿಸಿ ಚೀಲಕ್ಕೆ ಹಾಕಿಕೋ.

ಶೋರೂಮಿನದು ಬೇರೆ ಮಾತು. ಅದು ನಿಜವಾದ ಸಂದರ್ಶನ, ಅಲ್ಲಿ ತಡವರಿಸುವುದು ತಪ್ಪಲ್ಲ. ನೂಲಿನ ಲೆಕ್ಕ ಬಿಟ್ಟು ಏನೂ ಬರುವುದಿಲ್ಲ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ನಾನು ಎರಡು ಸಲ ಓದಿದೆ. ಎಷ್ಟು ನೂಲು ಬಂತು, ಎಷ್ಟು ಸೀರೆ ಇಳಿಯಿತು, ಮಜೂರಿ ಎಷ್ಟು, ಸಾಹುಕಾರನ ಬಾಕಿ ಎಷ್ಟು ಅಂತ ತಿಂಗಳಾನುಗಟ್ಟಲೆ ಬರೆದವನಿಗೆ ದಾಸ್ತಾನು, ಕೂಲಿ, ಬಾಕಿ ಮೂರೂ ಗೊತ್ತು. ಅಕೌಂಟ್ಸ್ ಕೆಲಸಕ್ಕೆ ಕೂತವನು ಹೇಳಬೇಕಾದ್ದು ಅದನ್ನೇ! 'ಕನ್ನಡದಲ್ಲಿ ಹೇಳಲೇನ್ರಿ?' ಅಂತ ಮೊದಲೇ ಕೇಳು. ನಮ್ಮ ಕಡೆಯ ಎಷ್ಟೋ ಅಂಗಡಿ, ಶೋರೂಮುಗಳಲ್ಲಿ ಬೇಡ ಅನ್ನುವುದಿಲ್ಲ. ಟ್ಯಾಲಿ, ಜಿಎಸ್‌ಟಿ ಬಿಲ್ಲು ಮಾತ್ರ ಕಲಿತುಕೋ, ಅದನ್ನು ಕೇಳಿಯೇ ಕೇಳುತ್ತಾರೆ.

ಅದೆಲ್ಲ ಆಮೇಲೆ. ಇವತ್ತು ರಾತ್ರಿ ಊಟ ಆದ ಮೇಲೆ ಅಪ್ಪನ ಪಕ್ಕ ಕೂತು 2,500ರ ವಿಷಯ ಹೇಳಿಬಿಡು. ಬಯ್ದರೆ ಬಯ್ಯಲಿ. ಹುಬ್ಬಳ್ಳಿಗೆ ಅವರನ್ನು ಕರೆದುಕೊಂಡೇ ಹೋಗು. ಆ ಮೆಟ್ಟಿಲನ್ನು ಮತ್ತೆ ಒಬ್ಬನೇ ಹತ್ತಬೇಡ.