ಬಿರುಗೂದಲಿನ ನೊಣ: ಫೋಟೊ ನೋಡಿ ಹೆಸರು ಹೇಳಬಹುದಾ?

ಪ್ರಶ್ನೆ: ಮೇಡಂ, ಹೂವಿನ ಮೇಲೆ ಕೂತ ನೊಣದ ಫೋಟೊ ಕಳಿಸಿದ್ದೇನೆ. ಬೂದು ಬಣ್ಣ, ಬೆನ್ನ ಮೇಲೆ ಕಪ್ಪು ಗೆರೆ, ಮೈತುಂಬ ಬಿರುಗೂದಲು. ಒಬ್ಬರು ಮಾಂಸದ ನೊಣ ಅಂದರು. ಇನ್ನೊಬ್ಬರು ಕಂಬಳಿಹುಳುಗಳನ್ನು ಕೊಲ್ಲುವ ಟ್ಯಾಕಿನಿಡ್ ನೊಣ ಅಂದರು. ಯಾವುದು ಸರಿ? ಅದರ ಪೂರ್ತಿ ಹೆಸರೇನು?

ಉತ್ತರ: ಫೋಟೊ ತುಂಬ ಸ್ಪಷ್ಟವಾಗಿದೆ. ಆದರೆ ನೇರ ಮೇಲಿನಿಂದ ತೆಗೆದಿದ್ದೀರಿ. ಇವೆರಡನ್ನು ಬೇರೆ ಮಾಡುವ ಗುರುತು ಕಾಣುವುದು ಪಕ್ಕದಿಂದ. ಎದೆಯ ಹಿಂತುದಿಯಲ್ಲಿ ಸ್ಕ್ಯುಟೆಲಮ್ ಎಂಬ ಚಿಕ್ಕ ಫಲಕ ಇದೆಯಲ್ಲ, ಅದರ ಕೆಳಗೆ ಇನ್ನೊಂದು ದುಂಡನೆಯ ಉಬ್ಬು ಎದ್ದು ಕಂಡರೆ ಟ್ಯಾಕಿನಿಡ್. ಮಾಂಸದ ನೊಣಕ್ಕೆ ಹಾಗೆ ಉಬ್ಬಿರುವುದಿಲ್ಲ. ಮೇಲಿನಿಂದ ನೋಡಿದರೆ ಫಲಕವೇ ಅದನ್ನು ಮುಚ್ಚಿಬಿಡುತ್ತದೆ.

ಗೆರೆಗಳನ್ನು ಮಾತ್ರ ನಂಬಬೇಡಿ. ಮಾಂಸದ ನೊಣದ ಬೆನ್ನಲ್ಲಿ ಸಾಮಾನ್ಯವಾಗಿ ಮೂರು ಕಪ್ಪು ಗೆರೆ, ಹೊಟ್ಟೆಯ ಮೇಲೆ ಚೌಕಳಿ ಇರುತ್ತದೆ, ನಿಜ. ಗೆರೆ ಇರುವ ಟ್ಯಾಕಿನಿಡ್‌ಗಳೂ ಬೇಕಾದಷ್ಟಿವೆ. ನಿಮ್ಮ ನೊಣದ ಹೊಟ್ಟೆಯ ತುದಿಯಲ್ಲಿ ದಪ್ಪ ಕೂದಲು ನೆಟ್ಟಗೆ ನಿಂತಿವೆ. ಹಾಗಾಗಿ ನನ್ನ ಒಲವು ಟ್ಯಾಕಿನಿಡ್ ಕಡೆಗೇ.

ಪೂರ್ತಿ ಹೆಸರು ಹೇಳಲಾರೆ. ಹೆಸರಿಟ್ಟಿರುವ ಟ್ಯಾಕಿನಿಡ್‌ಗಳೇ 8,000ಕ್ಕಿಂತ ಜಾಸ್ತಿ. ಎಷ್ಟೋ ಸಲ ಗಂಡು ನೊಣದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೀರ್ಮಾನಿಸಬೇಕು. ಸುಮ್ನೆ ಅಂದಾಜಿಗೆ ಒಂದು ಹೆಸರು ಅಂಟಿಸಿದರೆ ಮುಂದೆ ಹುಡುಕುವವರ ದಾರಿಯೂ ತಪ್ಪುತ್ತದೆ. 'ಟ್ಯಾಕಿನಿಡ್ ಇರಬಹುದು' ಎಂದಷ್ಟೇ ಬರೆದಿಡಿ.

ಮುಂದಿನ ಸಲ ಪಕ್ಕದಿಂದ, ಮುಖದ ಎದುರಿನಿಂದ, ರೆಕ್ಕೆಯ ನರಗಳು ಕಾಣುವಂತೆ ಒಂದೊಂದು ಫೋಟೊ ತೆಗೆಯಿರಿ. ಇದಕ್ಕಿಂತ ಬೆಲೆಬಾಳುವ ಸುಳಿವು ಇನ್ನೊಂದಿದೆ: ಆ ನೊಣ ಯಾವ ಹುಳುವಿನೊಳಗೆ ಬೆಳೆಯಿತು ಎಂಬುದು. ಟ್ಯಾಕಿನಿಡ್ ಮರಿ ಕಂಬಳಿಹುಳುವಿನಂಥ ಕೀಟದ ಮೈಯೊಳಗೆ ಬೆಳೆದೇ ಅದನ್ನು ಕೊಲ್ಲುವುದು. ಕಂಬಳಿಹುಳುವಿನ ಮೈಗೆ ಬಿಳಿ ಮೊಟ್ಟೆ ಅಂಟಿದ್ದರೆ ಫೋಟೊ ತೆಗೆದು, ಗಾಳಿಯಾಡುವ ಡಬ್ಬಿಯಲ್ಲಿಟ್ಟು, ಅದು ತಿನ್ನುತ್ತಿದ್ದ ಗಿಡದ ಎಲೆಯನ್ನೇ ಹಾಕಿ ಸಾಕಿ. ಗಿಡದ ಹೆಸರೂ ಬರೆದಿಡಿ. ಮೊಟ್ಟೆ ಕಾಣದಿದ್ದರೂ ಒಳಗೆ ಮರಿ ಇರಬಹುದು. ಕೆಲವು ಟ್ಯಾಕಿನಿಡ್‌ಗಳು ಎಲೆಯ ಮೇಲೆ ಪುಟ್ಟ ಮೊಟ್ಟೆ ಇಡುತ್ತವೆ, ಹುಳು ಅದನ್ನು ಎಲೆಯ ಜೊತೆ ನುಂಗುತ್ತದೆ. ಹುಳು ಸತ್ತಿತೆಂದು ಡಬ್ಬಿ ಖಾಲಿ ಮಾಡಬೇಡಿ. ತಳದಲ್ಲಿ ಕಂದು ಬಣ್ಣದ ಗಟ್ಟಿ ಗೂಡು ಬಿದ್ದಿದೆಯಾ ನೋಡಿ. ಅದರಿಂದ ನೊಣ ಹೊರಬಂದು ರೆಕ್ಕೆ ಒಣಗಿದ ಮೇಲೆ ಪಕ್ಕದಿಂದ ಫೋಟೊ ತೆಗೆದು ನನಗೆ ಕಳಿಸಿ.